‘ವಾಂಟ್’ ಕಲಿಸಿದ ಶುಕ್ರವಾರಗಳು

ಹೊಸದಾಗಿ ನೌಕರಿಗೆ ಸೇರಿದ ಇಂಗ್ಲಿಷ್ ಶಿಕ್ಷಕಿಯರು ನವನಗರದ ನಮ್ಮ ಮನೆಗೆ ಆಗಾಗ ಬರುತ್ತಿರುತ್ತಾರೆ. ಗಂಟಲು ಕೆಟ್ಟು, ‘ಇನ್ನ ಜೋರಾಗಿ ಮಾತಾಡಬ್ಯಾಡ್ರಿ’ ಎಂದು ದವಾಖಾನೆಯವರು ಹೇಳಿದ ಮೇಲೆ ಅವಧಿಗೆ ಮುಂಚೆಯೇ ನಿವೃತ್ತಿ ತೆಗೆದುಕೊಂಡವಳು ನಾನು. ಹಾಗಾಗಿ ಪೂರಾ ಮುದುಕಿಯೂ ಅಲ್ಲ, ನೌಕರಿಯಲ್ಲಿ ಇರುವವಳೂ ಅಲ್ಲ. ಅವರಿಗೆ ನನ್ನನ್ನು ಕೇಳಲು ಸಂಕೋಚವಿಲ್ಲ. ಚಹಾ ಕುಡಿಯುತ್ತ ಕೇಳುತ್ತಾರೆ: ‘ಮೇಡಂ, ಯಾವ ಗೈಡು ಛಲೋ ಐತ್ರಿ?’

ಗೈಡಿನ ಸುದ್ದಿ ನನಗೆ ಗೊತ್ತಿಲ್ಲ. ನಾನು ಎದ್ದು ಕಪಾಟಿನಿಂದ ಒಂದು ಉದ್ದನೆಯ ನೋಟ್‌ಬುಕ್ಕು ತರುತ್ತೇನೆ. ರಟ್ಟು ಕಿತ್ತು ಹೋಗಿ, ನಾನೇ ದಾರ ಹಾಕಿ ಹೊಲಿದದ್ದು. ಅದರ ತುಂಬ ಒಂದೇ ಕ್ರಿಯಾಪದ. ಪ್ರತಿ ಸಾಲೂ ‘ಐ ವಾಂಟ್’ ಎಂದು ಶುರುವಾಗುತ್ತದೆ. ವಾಕ್ಯಗಳು ಹುಡುಗಿಯರವು, ಕೈಬರಹ ನನ್ನದು. ಒಂದು ವಾಕ್ಯದ ಮುಂದೆ ಕೆಂಪು ಮಸಿಯಲ್ಲಿ ಎರಡು ಅಕ್ಷರಗಳಿವೆ. ‘ವೆರಿ ಗುಡ್’ ಎಂಬುದರ ಗುರುತು. ನನ್ನ ಇಡೀ ನೌಕರಿಯಲ್ಲಿ ಅಳಿಸಿಬಿಡಬೇಕು ಎನಿಸಿದ ಬರಹ ಅದೊಂದೇ. ಅದರ ಕಥೆ ಹೇಳಬೇಕಾದರೆ ಬಾದಾಮಿಯಿಂದ ಶುರುಮಾಡಬೇಕು.

ಎಪ್ಪತ್ತರ ದಶಕದ ಮೊದಲ ವರ್ಷಗಳು. ಬಾದಾಮಿಯ ಒಂದು ಹೈಸ್ಕೂಲಿನಲ್ಲಿ ನನಗೆ ನೌಕರಿ ಸಿಕ್ಕಿತು. ಸೇರಿದ ತಿಂಗಳಲ್ಲೇ ಧಾರವಾಡಕ್ಕೆ ಹತ್ತು ದಿನದ ತರಬೇತಿಗೆ ಕಳಿಸಿದರು. ಇಂಗ್ಲಿಷ್ ಕಲಿಸುವ ಹೊಸ ಪದ್ಧತಿ ಬಂದಿತ್ತು. ಪಾಠದಲ್ಲಿ ಕನ್ನಡ ಬಾಯಿಗೆ ಬರಕೂಡದು. ಶಬ್ದದ ಅರ್ಥ ಹೇಳಕೂಡದು, ಮಾಡಿ ತೋರಿಸಬೇಕು. ಬಾಗಿಲು ತೆರೆದು ‘ಓಪನ್’ ಅನ್ನಬೇಕು, ಮುಚ್ಚಿ ‘ಕ್ಲೋಸ್’ ಅನ್ನಬೇಕು. ಹುಡುಗರು ನೋಡಿ ನೋಡಿ ತಾವೇ ಅರ್ಥ ಹಿಡಿಯುತ್ತಾರೆ. ಒಬ್ಬರು ಹೇಳಿದ ಕೂಡಲೇ ‘ವೆರಿ ಗುಡ್, ಸಿಟ್ ಡೌನ್’ ಎಂದು ಮುಂದಿನವರಿಗೆ ಹೋಗಬೇಕು. ನಡುವೆ ನಿಂತರೆ ಸರಪಳಿ ಕಡಿದು ಹೋಗುತ್ತದೆ. ನಿಲ್ಲಬಾರದು ಎಂಬುದನ್ನು ನಮಗೆ ಹತ್ತೂ ದಿನ ಹೇಳಿದರು.

ನಾನು ಅಲ್ಲಿ ಒಂದು ಪ್ರಶ್ನೆ ಕೇಳಿದ್ದೆ. ‘ಸರ್, ನಡಿಯೂದು ತೋರಸಬಹುದು, ಕುಂಡ್ರೂದು ತೋರಸಬಹುದು. ವಾಂಟ್ ಹ್ಯಾಂಗ ತೋರಸೂದ್ರಿ? ಬೇಕು ಅನ್ನೂದು ಹೊರಗ ಕಾಣೂದಿಲ್ಲಲ್ರಿ.’ ತರಬೇತಿ ಕೊಡುವವರು ಪೆನ್ನನ್ನು ದೂರದ ಮೇಜಿನ ಮೇಲಿಟ್ಟು, ಅದರ ಕಡೆ ಕೈಚಾಚಿ, ಮುಖವನ್ನು ಹಸಿದವರ ಹಾಗೆ ಮಾಡಿ, ‘ಐ ವಾಂಟ್ ದ ಪೆನ್’ ಅಂದರು. ನಾವೆಲ್ಲ ನಕ್ಕೆವು.

ಬಾದಾಮಿಗೆ ಬಂದು ನಾನೂ ಹಾಗೆಯೇ ಮಾಡಿದೆ. ಎಂಟನೇ ಇಯತ್ತೆಯ ಹುಡುಗನ ಕೈಯಲ್ಲಿದ್ದ ಪೆನ್ನಿನ ಕಡೆ ಕೈಚಾಚಿದೆ, ‘ಐ ವಾಂಟ್ ದ ಪೆನ್’ ಅಂದೆ, ತೆಗೆದುಕೊಂಡೆ. ಇಡೀ ಕ್ಲಾಸು ನನ್ನ ಹಿಂದೆ ಅಂದಿತು. ಮರುದಿನ ಒಬ್ಬ ಹುಡುಗ ಅಳುಮೋರೆ ಮಾಡಿಕೊಂಡು ಎದ್ದು ನಿಂತು, ‘ಬಸಪ್ಪ ವಾಂಟ್ಸ್ ಮೈ ಪೆನ್’ ಅಂದ. ನನಗೆ ಎಷ್ಟು ಸಂತೋಷವಾಯಿತೆಂದರೆ, ‘ವೆರಿ ಗುಡ್, ಸಿಟ್ ಡೌನ್’ ಅಂದೆ. ಅವನು ಕುಳಿತ. ಬಸಪ್ಪ ಆ ಪೆನ್ನನ್ನು ಕಸಿದುಕೊಂಡು ಅಂಗಿಯ ಒಳಗೆ ಹಾಕಿಕೊಂಡಿದ್ದು ನನಗೆ ಸಾಲೆ ಬಿಟ್ಟ ಮೇಲೆ ಗೊತ್ತಾಯಿತು. ನಾನು ತೋರಿಸಿದ್ದನ್ನು ನೋಡಿ ಹುಡುಗರು ‘ವಾಂಟ್’ ಅಂದರೆ ಕಸಿದುಕೊಳ್ಳುವುದು ಎಂದು ತಿಳಿದಿದ್ದರು. ತಪ್ಪು ಅವರದಲ್ಲ, ನನ್ನ ಕೈಯದು.

ಅದೇ ವಾರ ಇನ್‌ಸ್ಪೆಕ್ಟರ್ ಸಾಹೇಬರು ಬಂದರು. ಬಾದಾಮಿಯ ಮಂಗಗಳ ಬಗ್ಗೆ ಹೇಳುವುದು ಬೇಡ. ಕಿಟಕಿಗೆ ಸರಳಿದ್ದರೂ ಅವುಗಳಿಗೆ ದಾರಿ ಗೊತ್ತು. ಸಾಹೇಬರಿಗೆಂದು ಮೇಜಿನ ಮೇಲೆ ತಾಟಿನಲ್ಲಿ ಬಾಳೆಹಣ್ಣು ಇಟ್ಟಿದ್ದರು. ಪಾಠ ನಡೆದಿರುವಾಗಲೇ ಒಂದು ಮಂಗ ಒಳಗೆ ಬಂದು, ಸಾಹೇಬರ ಮುಂದೆಯೇ ಹಣ್ಣಿನ ಚಿಪ್ಪನ್ನೇ ಎತ್ತಿಕೊಂಡು ಹೋಯಿತು. ಇಡೀ ಕ್ಲಾಸು ಒಂದೇ ದನಿಯಲ್ಲಿ, ‘ದ ಮಂಕಿ ವಾಂಟ್ಸ್ ದ ಬನಾನಾ’ ಎಂದು ಕೂಗಿತು. ಸಾಹೇಬರು ಹಣ್ಣು ಹೋದದ್ದನ್ನು ಮರೆತು ಚಪ್ಪಾಳೆ ತಟ್ಟಿದರು. ‘ಹುಡುಗರ ಇಂಗ್ಲಿಷ್ ಸಂದರ್ಭಕ್ಕೆ ತಕ್ಕಂತಿದೆ’ ಎಂದು ವರದಿ ಬರೆದರು.

ಆ ವರದಿ ನನಗೆ ಒಳ್ಳೆಯದನ್ನು ಮಾಡಲಿಲ್ಲ. ವಾಕ್ಯ ಸರಿಯಾಗಿ ಬಂದರೆ ಸಾಕು, ಒಳಗೆ ಏನಿದೆ ಎಂದು ನೋಡಬೇಕಾಗಿಲ್ಲ ಎಂಬ ಧೈರ್ಯ ಬಂದುಬಿಟ್ಟಿತು.

ಅಲ್ಲಿಂದ ಹುನಗುಂದಕ್ಕೆ ವರ್ಗವಾಯಿತು. ಅಲ್ಲಿದ್ದದ್ದು ಸ್ವಲ್ಪ ದಿನ. ಒಂದು ಮಾತು ಮಾತ್ರ ಹೇಳುತ್ತೇನೆ. ಒಬ್ಬ ತಾಯಿ ಸಾಲೆಗೆ ಬಂದು ನನ್ನ ಮುಂದೆ ಕುಳಿತಳು. ‘ಅಕ್ಕಾರ, ನಮ್ಮ ಹುಡುಗಗ ಏನ ಕಲಿಸಾಕತ್ತೀರಿ? ಊಟಕ್ಕ ಕುಂತ್ರ ಐ ವಾಂಟ್ ಅಂತಾನ, ಎದ್ರ ಐ ವಾಂಟ್ ಅಂತಾನ. ಅವರಜ್ಜ ಸಿಟ್ಟಾಗ್ಯಾರ. ಹಿರ್ಯಾರ ಮುಂದ ಬೇಕು ಬೇಕು ಅಂತಾರೇನ್ರಿ?’

ನಗುತ್ತ ಕೇಳಿಸಿಕೊಂಡೆ, ಆದರೆ ಆ ಮಾತು ಮನಸ್ಸಿನಲ್ಲಿ ಕುಳಿತಿತು. ನಮ್ಮ ಮನೆಗಳಲ್ಲಿ ‘ಬೇಕು’ ಎಂದು ಬಾಯಿ ಬಿಟ್ಟು ಹೇಳುವವರು ಗಂಡಸರು ಮತ್ತು ಹಟ ಮಾಡುವ ಕೂಸುಗಳು. ನನ್ನ ಅತ್ತೆ ಊಟಕ್ಕೆ ಕುಳಿತಾಗ ಉಪ್ಪು ಕಡಿಮೆಯಾದರೆ, ‘ಉಪ್ಪು ಇದ್ರ ನೋಡು’ ಅನ್ನುತ್ತಿದ್ದರು. ಒಂದು ಸೀರೆ ಮನಸ್ಸಿಗೆ ಬಂದರೆ, ‘ಆಕಿ ಉಟ್ಟಿದ್ದು ಛಲೋ ಇತ್ತು’ ಅನ್ನುತ್ತಿದ್ದರು, ಅಷ್ಟೇ. ಕನ್ನಡದಲ್ಲಿ ಬೇಕು ಎನ್ನುವುದು ‘ನನಗೆ’ ಎಂದು ಶುರುವಾಗುತ್ತದೆ. ಯಾವುದೋ ಒಂದು ತಾನಾಗಿಯೇ ನನ್ನ ಹತ್ತಿರ ಬಂದಂತೆ. ಇಂಗ್ಲಿಷಿನಲ್ಲಿ ‘ನಾನು’ ಎಂದು ಮೊದಲು ಎದ್ದು ನಿಲ್ಲಬೇಕು. ಆಮೇಲೆ ಬೇಕಾದದ್ದನ್ನು ಹೇಳಬೇಕು. ಇದು ಗೊತ್ತಾದ ಮೇಲೆ ಕೈಚಾಚುವುದನ್ನು ಬಿಟ್ಟೆ. ಎದ್ದು ನಿಲ್ಲುವುದನ್ನು ಕಲಿಸಿದೆ.

ಇಳಕಲ್ಲಿಗೆ ಬಂದದ್ದು ಅದಾದ ಮೇಲೆ. ಹುಡುಗಿಯರೇ ಓದುವ ಹೈಸ್ಕೂಲು. ಸುತ್ತ ಮಗ್ಗದ ಓಣಿಗಳು. ಬೆಳಿಗ್ಗೆ ಪ್ರಾರ್ಥನೆಗೆ ನಿಂತರೆ, ಹುಡುಗಿಯರ ದನಿಗಿಂತ ಮೊದಲು ಮಗ್ಗದ ಸದ್ದು ಕೇಳಿಸುತ್ತಿತ್ತು. ಹೆಡ್‌ಮಾಸ್ತರರು ದೇಸಾಯಿ ಸರ್. ಕರಿಕೋಟು, ಧೋತರ, ಕೈಯಲ್ಲಿ ಬಿಸಿಲಿಗೂ ಒಂದು ಕೊಡೆ. ಇಂಗ್ಲಿಷ್ ಪಿರಿಯಡ್ಡಿನಲ್ಲಿ ಕಿಟಕಿಯ ಹೊರಗೆ ನಿಂತು ಕೇಳುತ್ತಿದ್ದರು. ಒಂದು ಕನ್ನಡ ಶಬ್ದ ಬಿದ್ದರೆ ಕೊಡೆಯ ತುದಿಯಿಂದ ಕಿಟಕಿಗೆ ಟಕ್ ಟಕ್ ಎಂದು ಹೊಡೆಯುವುದು. ಹುಡುಗಿಯರು ಅವರಿಗೆ ‘ಮರಕುಟಿಗ’ ಎಂದು ಹೆಸರಿಟ್ಟಿದ್ದರು. ಅದು ಅವರಿಗೂ ಗೊತ್ತಿತ್ತು. ಒಳ್ಳೆಯವರು. ಆದರೆ ಪದ್ಧತಿ ಎಂದರೆ ಪದ್ಧತಿ.

ಅಲ್ಲಿ ನಾನೊಂದು ರೂಢಿ ಶುರುಮಾಡಿದೆ. ಶುಕ್ರವಾರ ನನ್ನದು ಕಡೆಯ ಪಿರಿಯಡ್ಡು. ಅದರ ಕೊನೆಯ ಹತ್ತು ನಿಮಿಷ ಪಾಠವಿಲ್ಲ. ನಾನು ಒಬ್ಬೊಬ್ಬರನ್ನೇ ಕೇಳುವುದು: ‘ವಾಟ್ ಡು ಯು ವಾಂಟ್?’ ಅವರು ಎದ್ದು ನಿಂತು, ಎರಡೂ ಕೈ ಬೆನ್ನಿಗೆ ಕಟ್ಟಿ, ಒಂದು ವಾಕ್ಯ ಹೇಳುವುದು. ನಾನು ‘ವೆರಿ ಗುಡ್’ ಅಥವಾ ಬರಿಯ ‘ಗುಡ್’ ಅನ್ನುವುದು. ರವಿವಾರ ಮನೆಯಲ್ಲಿ ಕುಳಿತು, ನೆನಪಿದ್ದ ವಾಕ್ಯಗಳನ್ನೆಲ್ಲ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತಿದ್ದೆ. ಯಾವ ಹುಡುಗಿಗೆ ಯಾವ ರೀತಿಯ ವಾಕ್ಯ ಬರುತ್ತದೆ ಎಂದು ತಿಳಿಯಲು.

ಮೊದಲ ತಿಂಗಳು ಎಲ್ಲರಿಗೂ ಪೆನ್ನು ಬೇಕಾಗಿತ್ತು, ಪುಸ್ತಕ ಬೇಕಾಗಿತ್ತು. ಆಮೇಲೆ ಮೆಲ್ಲಗೆ ಬೇರೆ ವಾಕ್ಯಗಳು ಬರತೊಡಗಿದವು. ‘ಐ ವಾಂಟ್ ಟು ಸ್ಲೀಪ್’ ಎಂದಳು ಶಮಶಾದ್. ಅವಳು ಬೆಳಗಿನ ನಾಲ್ಕಕ್ಕೆ ಎದ್ದು ಮಗ್ಗಕ್ಕೆ ನೂಲಿನ ಕಂಡಿಕೆ ಸುತ್ತಿ ಸಾಲೆಗೆ ಬರುವವಳು. ‘ಐ ವಾಂಟ್ ಮೈ ಸಿಸ್ಟರ್’ ಎಂದಳು ಇನ್ನೊಬ್ಬಳು. ಅಕ್ಕನನ್ನು ಸೊಲ್ಲಾಪುರಕ್ಕೆ ಕೊಟ್ಟಿದ್ದರು. ಒಬ್ಬಳಿಗೆ ಆಳೆತ್ತರದ ಕನ್ನಡಿ, ಒಬ್ಬಳಿಗೆ ಬಾದಾಮಿಯ ಮಂಗ ನೋಡುವುದು, ಒಬ್ಬಳಿಗೆ ಒಂದು ದಿನ ಅಣ್ಣನಿಗಿಂತ ಮೊದಲು ಊಟಕ್ಕೆ ಕೂಡುವುದು. ಶಬ್ದ ಗೊತ್ತಿಲ್ಲದಿದ್ದರೆ ನನ್ನನ್ನು ಮೊದಲೇ ಬಂದು ಕೇಳಿಕೊಂಡು ಹೋಗುತ್ತಿದ್ದರು.

ರುಕ್ಮಿಣಿ ಎಂಬ ಹುಡುಗಿ ಇದ್ದಳು. ಬಾಯಿ ಜೋರು. ಅವಳನ್ನು ಒಮ್ಮೆ ಹೊರಗೆ ಕರೆದು ಕೇಳಿದೆ: ‘ಅಲ್ಲಲೇ, ಮನ್ಯಾಗ ಬಾಯಿ ಬಿಡಲಾರದ ಹುಡಿಗ್ಯಾರು ಇಲ್ಲಿ ಹ್ಯಾಂಗ ಇಷ್ಟೆಲ್ಲಾ ಹೇಳ್ತಾರ?’

‘ಇಂಗ್ಲೀಷಿನ್ಯಾಗ ಬೇಡಿದ್ರ ಯಾರೂ ಕೊಡೂದಿಲ್ಲ, ಯಾರೂ ಬೈಯೂದೂ ಇಲ್ರಿ ಅಕ್ಕಾರ’ ಎಂದಳು ಅವಳು.

ಈ ಒಂದು ಮಾತು ನನ್ನ ಧಾರವಾಡದ ಹತ್ತು ದಿನಕ್ಕಿಂತ ದೊಡ್ಡದು ಎಂದು ಈಗ ತಿಳಿಯುತ್ತದೆ. ಆಗ ಬರೀ ನಕ್ಕಿದ್ದೆ.

ಅದೇ ಕ್ಲಾಸಿನಲ್ಲಿ ಸಾವಿತ್ರಿ ಇದ್ದಳು. ಹಾಜರಿಯಲ್ಲಿ ಸಾವಿತ್ರಿ, ಓಣಿಯಲ್ಲಿ ಸಾವಂತ್ರಿ. ತಂದೆ ಸಂಗಪ್ಪ ಮನೆಯಲ್ಲೇ ಸೀರೆ ನೇಯುವವರು. ಇಳಕಲ್ ಸೀರೆಯ ಮೈಗೆ ಉದ್ದೆಳೆಗಳ ಒಂದು ಹಾಸು, ಸೆರಗಿಗೆ ಬೇರೆ ಹಾಸು. ಒಂದೊಂದು ಎಳೆಗೂ ಇನ್ನೊಂದು ಎಳೆಯನ್ನು ಕೊಂಡಿಯಂತೆ ಸೇರಿಸಿ ಜೋಡಿಸಬೇಕು. ಆ ಮನೆಯಲ್ಲಿ ಆ ಕೆಲಸ ತಾಯಿಯದು. ಕಣ್ಣು ಮಂಜಾದ ಮೇಲೆ ಅದು ಸಾವಿತ್ರಿಯ ಕೈಗೆ ಬಂದಿತ್ತು. ಓದಿನಲ್ಲಿ ಮುಂದೂ ಅಲ್ಲ, ಹಿಂದೂ ಅಲ್ಲ. ಶುಕ್ರವಾರ ಅವಳ ಪಾಳಿ ಬಂದರೆ ಎಂದೂ ಒಂದೇ ವಾಕ್ಯ: ‘ಐ ವಾಂಟ್ ಎ ಪೆನ್.’ ಎಂಟನೇ ಇಯತ್ತೆಯಲ್ಲೂ ಅದೇ, ಹತ್ತನೇ ಇಯತ್ತೆಗೆ ಬಂದರೂ ಅದೇ. ನಾನೂ ಬೇಸತ್ತು ಬರಿಯ ‘ಗುಡ್’ ಅನ್ನುತ್ತಿದ್ದೆ. ಕೊನೆಗೆ ಒಂದು ಶುಕ್ರವಾರ ರುಕ್ಮಿಣಿ ತನ್ನ ಪೆನ್ನನ್ನೇ ಅವಳ ಮುಂದಿಟ್ಟು, ಕಿಟಕಿಗೆ ಕೇಳಿಸದ ಹಾಗೆ ಪಿಸುಗುಟ್ಟಿದಳು: ‘ತಗೋ ಮಾರಾಯ್ತಿ. ಮೂರ ವರ್ಷ ಆತು ಬೇಡಾಕತ್ತಿ. ಮುಂದಿನ ವಾರ ಬ್ಯಾರೆ ಏನರ ಬೇಡು.’ ಕ್ಲಾಸೆಲ್ಲ ನಕ್ಕಿತು. ಸಾವಿತ್ರಿಯೂ ನಕ್ಕಳು. ಪೆನ್ನು ಇಟ್ಟುಕೊಂಡಳು.

ಮುಂದಿನ ಶುಕ್ರವಾರ. ಎಸ್ಸೆಸ್ಸೆಲ್ಸಿ ಪರೀಕ್ಷೆಯ ಫಾರ್ಮು ತುಂಬುವ ದಿನಗಳು. ಫಾರ್ಮಿಗೆ ತಂದೆಯ ಸಹಿ ಹಾಕಿಸಿಕೊಂಡು ಬರಬೇಕು. ಮರುದಿನ ಶನಿವಾರ ಕಡೆಯ ದಿನ. ಆ ಕೆಲಸ ನನ್ನದಲ್ಲ, ಗಣಿತದ ಮಾಸ್ತರರದು. ಹಾಗಾಗಿ ಯಾರು ತಂದಿದ್ದಾರೆ, ಯಾರು ತಂದಿಲ್ಲ ಎಂಬುದು ನನಗೆ ಗೊತ್ತಿರಲಿಲ್ಲ. ಕಿಟಕಿಯ ಹೊರಗೆ ಕೊಡೆ ಕಾಣುತ್ತಿತ್ತು. ಸಾಲಾಗಿ ಕೇಳುತ್ತ ಬಂದೆ. ಸಾವಿತ್ರಿ ಎದ್ದಳು. ಕೈ ಬೆನ್ನಿಗೆ ಕಟ್ಟಿದಳು. ನನ್ನನ್ನೇ ನೋಡುತ್ತ ಹೇಳಿದಳು:

‘ಐ ವಾಂಟ್ ಟು ರೈಟ್ ದ ಎಗ್ಝಾಮಿನೇಶನ್, ಟೀಚರ್.’

ಮೂರು ವರ್ಷ ಪೆನ್ನನ್ನು ಬಿಟ್ಟು ಕದಲದಿದ್ದ ಹುಡುಗಿಯ ಬಾಯಿಂದ ಅಷ್ಟುದ್ದದ ವಾಕ್ಯ, ಒಂದು ತಪ್ಪಿಲ್ಲದೆ. ನನಗೆ ಎಷ್ಟು ಖುಷಿಯಾಯಿತೆಂದರೆ ದನಿ ಏರಿಸಿ ಅಂದೆ: ‘ವೆರಿ ಗುಡ್, ಸಾವಿತ್ರಿ. ವೆರಿ ಗುಡ್. ಸಿಟ್ ಡೌನ್. ನೆಕ್ಸ್ಟ್.’

ಅವಳು ಒಂದು ಕ್ಷಣ ನಿಂತೇ ಇದ್ದಳು. ಆಮೇಲೆ ಕುಳಿತಳು. ಪಿರಿಯಡ್ಡು ಮುಗಿದ ಮೇಲೆ ದೇಸಾಯಿ ಸರ್, ‘ಛಲೋ ನಡದೈತಿ ನಿಮ್ಮ ವಾಂಟು’ ಎಂದು ಕೊಡೆ ಬೀಸುತ್ತ ಹೋದರು.

ರವಿವಾರ ನೋಟ್‌ಬುಕ್ಕಿನಲ್ಲಿ ಆ ವಾಕ್ಯ ಬರೆದೆ. ಮುಂದೆ ಕೆಂಪು ಮಸಿಯಲ್ಲಿ ಎರಡಕ್ಷರ ಬರೆದೆ. ಬರೆಯುವಾಗಲೂ ನನಗೆ ಹೊಳೆಯಲಿಲ್ಲ. ಅದು ವಾಕ್ಯವಾಗಿಯೇ ಉಳಿಯಿತು.

ಮಂಗಳವಾರ ಚಹಾದ ಹೊತ್ತಿಗೆ ಗಣಿತದ ಮಾಸ್ತರರು ಸಹಜವಾಗಿ ಅಂದರು: ‘ಎಲ್ಲಾ ಫಾರ್ಮು ನಿನ್ನೆ ವಿಜಾಪುರಕ್ಕ ಹೋದೂರಿ. ಆ ಸಂಗಪ್ಪನ ಮಗಳದೊಂದು ಬರಲೇ ಇಲ್ಲ. ಶನಿವಾರದಿಂದ ಆಕಿನೂ ಬಂದಿಲ್ಲ.’

ಕೈಯಲ್ಲಿನ ಕಪ್ಪನ್ನು ಬಸಿಯ ಮೇಲೆ ಇಟ್ಟೆ. ಆ ಹೊತ್ತಿಗೆ ಶುಕ್ರವಾರದ ಅವಳ ಮುಖ ನನಗೆ ಕಾಣಿಸಿತು. ಅವಳು ನನಗೆ ವಾಕ್ಯ ಒಪ್ಪಿಸಿರಲಿಲ್ಲ. ನನ್ನ ಹತ್ತಿರ ಕೇಳಿಕೊಂಡಿದ್ದಳು.

ಸಾಲೆ ಬಿಟ್ಟ ಕೂಡಲೇ ಅವರ ಮನೆಗೆ ಹೋದೆ. ಸಂಗಪ್ಪ ಕುಣಿಮಗ್ಗದ ತಗ್ಗಿನಲ್ಲಿ ಕಾಲು ಇಳಿಬಿಟ್ಟು ಕುಳಿತಿದ್ದರು. ಗೋಡೆಯ ಹತ್ತಿರ ಸಾವಿತ್ರಿ ಎಳೆ ಜೋಡಿಸುತ್ತಿದ್ದಳು. ಅವಳ ಪಕ್ಕದಲ್ಲೇ ತಾಯಿ ಸುಮ್ಮನೆ ಕುಳಿತಿದ್ದರು.

‘ಬರ್ರಿ ಅಕ್ಕಾರ’ ಎಂದರು ಸಂಗಪ್ಪ. ‘ಏ ಸಾವಂತ್ರಿ, ಚಾಪಿ ಹಾಸ.’

ಕುಳಿತ ಮೇಲೆ ಕೇಳಿದೆ: ‘ಸಂಗಪ್ಪಣ್ಣಾ, ಫಾರ್ಮಿಗೆ ಯಾಕ ಸಹಿ ಮಾಡಲಿಲ್ಲ?’

‘ಆಕೀನ ಬ್ಯಾಡ ಅಂದಾಳ್ರಿ. ನಾ ಎರಡ ಸಲ ಕೇಳೇನಿ. ಬೇಕೇನವಾ ನಿನಗ ಪರೀಕ್ಷೆ ಅಂದ್ರ, ಬ್ಯಾಡ ಅಂತಾಳ. ಬ್ಯಾಡ ಅನ್ನಾಕಿಗೆ ನಾ ಏನ ಒತ್ತಾಯ ಮಾಡ್ಲಿ? ಇತ್ಲಾಗ ಇವರವ್ವನ ಕಣ್ಣು ಕಾಣವಲ್ವು. ಜೋಡಿಸಾಕ ಮನ್ಯಾಗ ಬ್ಯಾರೆ ಕೈ ಇಲ್ಲ.’

ಸಾವಿತ್ರಿಯ ಕಡೆ ತಿರುಗಿದೆ. ‘ಖರೇನ ಬ್ಯಾಡೇನವ್ವಾ?’

‘ಬ್ಯಾಡ್ರಿ’ ಎಂದಳು, ಎಳೆಯಿಂದ ಕಣ್ಣು ತೆಗೆಯದೆ.

ಅವಳ ‘ಬ್ಯಾಡ’ ಗಟ್ಟಿಯಾಗಿಯೇ ಇತ್ತು. ಇಂಗ್ಲಿಷಿನಲ್ಲಿ ಬೇಡಿದರೆ ಯಾರೂ ಬೈಯುವುದಿಲ್ಲ ಎಂಬ ರುಕ್ಮಿಣಿಯ ಮಾತು ನೆನಪಾದದ್ದು ಆಗ. ನಾನು ಚಾಪೆಯಿಂದ ಎದ್ದೆ. ಕ್ಲಾಸಿನಲ್ಲಿ ನಿಲ್ಲುವ ಹಾಗೆ ನಿಂತು, ಕ್ಲಾಸಿನ ದನಿಯಲ್ಲಿ ಕರೆದೆ: ‘ಸಾವಿತ್ರಿ, ಸ್ಟ್ಯಾಂಡ್ ಅಪ್. ವಾಟ್ ಡು ಯು ವಾಂಟ್?’

ಅವಳು ಎಳೆ ಕೆಳಗಿಟ್ಟು ಎದ್ದಳು. ಕೈಗಳು ತಾವೇ ಬೆನ್ನಿಗೆ ಹೋದವು. ಶುಕ್ರವಾರದ ವಾಕ್ಯವನ್ನೇ ಹೇಳಿದಳು.

‘ಏನಂದ್ಲ್ರಿ?’ ಎಂದರು ಸಂಗಪ್ಪ.

ನಾನು ಕನ್ನಡದಲ್ಲಿ ಹೇಳಿದೆ.

ಅವರು ಮಗಳ ಕಡೆ ತಿರುಗಿದರು. ಸಿಟ್ಟು ಇರಲಿಲ್ಲ. ‘ಇದನ್ನ ನನಗ ಹೇಳಿದ್ರ ನಾ ಹೊಡೀತಿದ್ನೇನ?’ ಎಂದರು ಮೆಲ್ಲಗೆ.

‘ನೀ ಕೇಳಿದಾಗ ಅವ್ವ ಅಲ್ಲೇ ಕುಂತಿದ್ಲಪ್ಪಾ’ ಎಂದಳು ಸಾವಿತ್ರಿ.

ಆಗ ತಾಯಿ ಬಾಯಿಬಿಟ್ಟರು. ‘ನನ್ನ ಕಣ್ಣಿನ ಸಲುವಾಗಿ ಬ್ಯಾಡ ಅಂದ್ಯಾ? ನೀ ಸಾಲಿ ಬಿಟ್ರ ಅವೇನ ತಿರುಗಿ ಬರ್ತಾವೇನ ಹುಚ್ಚಿ? ಸಹಿ ಮಾಡ್ರಿ ನೀವು.’

ಫಾರ್ಮು ಅವಳ ಚೀಲದಲ್ಲೇ ಇತ್ತು, ತುಂಬಿಟ್ಟಿದ್ದಳು. ರುಕ್ಮಿಣಿ ಕೊಟ್ಟ ಪೆನ್ನಿನಿಂದ ಸಂಗಪ್ಪ ಒಂದೊಂದೇ ಅಕ್ಷರ ಕೂಡಿಸಿ ಸಹಿ ಮಾಡಿದರು.

ಮರುದಿನ ನಸುಕಿನಲ್ಲೇ ದೇಸಾಯಿ ಸರ್ ಒಂದು ಪತ್ರ ಬರೆದುಕೊಟ್ಟರು. ವಿಷಯವೆಲ್ಲ ಕೇಳಿದ ಮೇಲೆ ಅವರು, ‘ನಾ ಕಿಟಕ್ಯಾಗ ನಿಂತಿದ್ದೆ, ನನಗೂ ಕೇಳಿಸಿತ್ತು’ ಎಂದಷ್ಟೇ ಅಂದು ಕೊಡೆಯನ್ನು ಗೋಡೆಗೆ ಆನಿಸಿದರು. ನಾನು, ಸಂಗಪ್ಪ ಇಬ್ಬರೂ ಬೆಳಗಿನ ಬಸ್ಸಿಗೆ ವಿಜಾಪುರಕ್ಕೆ ಹೋದೆವು. ಅವರು ತೊಳೆದ ರುಮಾಲು ಸುತ್ತಿಕೊಂಡಿದ್ದರು. ಅಲ್ಲಿನ ಗುಮಾಸ್ತರು ಒರಟಾಗಿ ಮಾತಾಡಲಿಲ್ಲ. ಫಾರ್ಮನ್ನು ಕೈಯಲ್ಲಿ ಹಿಡಿದು ಹಿಂದೆ ಮುಂದೆ ನೋಡಿದರು. ‘ಶನಿವಾರ ತಂದಿದ್ರ ಆಗ್ತಿತ್ರಿ. ಸೋಮವಾರ ತಂದಿದ್ರೂ ಏನರ ನೋಡಬಹುದಿತ್ತು. ಈಗ ಹೆಸರಿನ ಯಾದಿ ಮುಂದ ಹೋಗೇತ್ರಿ’ ಎಂದರು. ಸಂಗಪ್ಪ ಫಾರ್ಮನ್ನು ನಾಲ್ಕು ಮಡಿಕೆ ಮಾಡಿ ಅಂಗಿಯ ಕಿಸೆಯಲ್ಲಿಟ್ಟುಕೊಂಡರು.

ತಿರುಗಿ ಬರುವಾಗ ಬಸ್ಸಿನಲ್ಲಿ ಹುನಗುಂದ ದಾಟಿದ ಮೇಲೆ ಅವರು ಕೇಳಿದರು: ‘ಅಕ್ಕಾರ, ಶುಕ್ರವಾರ ಆಕಿ ನಿಮ್ಮ ಮುಂದ ಇದನ್ನ ಹೇಳಿದ್ಲಂತ. ಖರೆ ಏನ್ರಿ?’

‘ಖರೆ.’

‘ನೀವು ಏನ ಅಂದ್ರಿ?’

ಸುಳ್ಳು ಹೇಳಬಹುದಿತ್ತು. ‘ವೆರಿ ಗುಡ್ ಅಂದೆ’ ಎಂದೆ.

ಅವರು ಕಿಟಕಿಯ ಹೊರಗೆ ನೋಡಿದರು. ಆಮೇಲೆ ಅವರೇ, ‘ಮ್ಯಾಲಿನ ವರ್ಷ ಬರಸೂಣ್ರಿ’ ಎಂದರು. ನನ್ನನ್ನು ಸಮಾಧಾನ ಮಾಡಲು ಹೇಳಿದ ಮಾತು ಅದು.

ಮೇಲಿನ ವರ್ಷದ ಹೊತ್ತಿಗೆ ತಾಯಿಯ ಕಣ್ಣು ಪೂರಾ ಹೋದವು. ಅದರ ಮುಂದಿನ ವರ್ಷ ಸಾವಿತ್ರಿಯನ್ನು ಗುಳೇದಗುಡ್ಡಕ್ಕೆ ಕೊಟ್ಟರು. ಫಾರ್ಮಿನ ಮಾತು ಯಾರೂ ಎತ್ತಲಿಲ್ಲ. ನಾನೂ ಎತ್ತಲಿಲ್ಲ. ಎತ್ತಲು ನನಗೆ ಬಾಯಿ ಬರಲಿಲ್ಲ ಎಂಬುದು ನಿಜ.

ಎಂಬತ್ತರ ದಶಕದಲ್ಲಿ ಬಾಗಲಕೋಟೆಗೆ ಬಂದೆ. ಕಾಲ ಬದಲಾಯಿತು. ಹೊಸ ಪುಸ್ತಕಗಳು ಬಂದವು, ಬಿಟ್ಟ ಸ್ಥಳ ತುಂಬುವ ಪ್ರಶ್ನೆಗಳು ಬಂದವು. ಹುಡುಗರು ಬಾಯಿಬಿಟ್ಟು ಹೇಳುವುದು ಬೇಕಾಗಿರಲಿಲ್ಲ, ಗೆರೆಯ ಮೇಲೆ ಒಂದು ಶಬ್ದ ಬರೆದರೆ ಸಾಕು. ಒಂದು ಟೇಪ್‌ರೆಕಾರ್ಡರ್ ಕೊಟ್ಟರು. ಅದು ಹೇಳುವುದು, ಮಕ್ಕಳು ಕೇಳುವುದು. ನನ್ನ ಶುಕ್ರವಾರಗಳು ಕೆಲವು ದಿನ ನಡೆದು ನಿಂತುಹೋದವು. ನಿಲ್ಲುವ ಮೊದಲು ಒಬ್ಬಳು ಹೇಳಿದ ವಾಕ್ಯ ನೋಟ್‌ಬುಕ್ಕಿನ ಕೊನೆಗಿದೆ: ‘ಐ ವಾಂಟ್ ಅವರ್ ಹೌಸ್ ಟು ಸ್ಟೇ.’ ಅಣೆಕಟ್ಟು ತುಂಬಿದರೆ ಊರು ನೀರಿಗೆ ಹೋಗುತ್ತದೆ ಎಂಬ ಮಾತು ಆಗ ಮನೆಮನೆಯಲ್ಲೂ ಇತ್ತು. ಅವಳಿಗೆ ನಾನು ವೆರಿ ಗುಡ್ ಅನ್ನಲಿಲ್ಲ. ‘ನಿಮ್ಮ ಮನಿ ಎಲ್ಲಿ ಬರ್ತದವ್ವಾ?’ ಎಂದು ಕನ್ನಡದಲ್ಲಿ ಕೇಳಿದೆ. ಆ ದಿನ ಬೇರೆ ಯಾರ ಪಾಳಿಯೂ ಬರಲಿಲ್ಲ. ಹುಡುಗಿಯರೆಲ್ಲ ತಮ್ಮ ಓಣಿ, ತಮ್ಮ ಬೇವಿನ ಗಿಡ, ತಮ್ಮ ಕಟ್ಟೆ ಎಂದು ಹೇಳುತ್ತ ಕುಳಿತರು. ಸರಪಳಿ ಕಡಿಯಿತು. ಏನೂ ಕೆಡಲಿಲ್ಲ.

ನಿವೃತ್ತಿಯಾದ ಮೇಲೆ ಮನೆಯಲ್ಲಿ ಕುಳಿತು ನೋಟ್‌ಬುಕ್ಕು ತೆಗೆದರೆ ಆ ಎರಡು ಕೆಂಪಕ್ಷರ ಕಣ್ಣಿಗೆ ಬೀಳುತ್ತಿದ್ದವು. ಇಳಕಲ್ಲಿನ ಆ ಕಡೆಯ ಪಿರಿಯಡ್ಡಿಗೆ ಒಂದೇ ಒಂದು ಸಲ ತಿರುಗಿ ಹೋಗಬೇಕು ಎನ್ನಿಸುತ್ತಿತ್ತು. ಹೋಗಿ, ಕಿಟಕಿಯ ಕೊಡೆಗೆ ಬೆನ್ನು ಮಾಡಿ, ಅವಳ ಬೆಂಚಿನ ಹತ್ತಿರ ನಿಲ್ಲಬೇಕು. ಈಚೆಗೆ ಬಾಗಲಕೋಟೆಯ ಪ್ಯಾಟಿಯಲ್ಲಿ ರುಕ್ಮಿಣಿ ಸಿಕ್ಕಳು, ಬಾಯಿ ಇನ್ನೂ ಜೋರು. ಅವಳಿಂದ ವಿಳಾಸ ಕೇಳಿಕೊಂಡು, ಕುಪ್ಪಸದ ಖಣ ಕೊಳ್ಳುವ ನೆಪ ಮಾಡಿ, ನೋಟ್‌ಬುಕ್ಕನ್ನು ಚೀಲದಲ್ಲಿ ಹಾಕಿಕೊಂಡು ಗುಳೇದಗುಡ್ಡಕ್ಕೆ ಹೋದೆ.

ಮನೆಯ ಒಳಗೆ ಮಗ್ಗ ನಡೆದಿತ್ತು, ಅವಳ ಗಂಡ ನೇಯುತ್ತಿದ್ದರು. ಪಡಸಾಲೆಯಲ್ಲಿ ಅತ್ತೆ ಕಾಳು ಆರಿಸುತ್ತಿದ್ದರು. ಸಾವಿತ್ರಿ ನನ್ನ ಗುರುತು ಹಿಡಿಯಲು ತಡಮಾಡಲಿಲ್ಲ.

‘ಅಕ್ಕಾರ, ನಿಮ್ಮ ದನಿ ಎಲ್ಲಿ ಹೋತ್ರಿ?’

‘ನಿಮ್ಮನ್ನೆಲ್ಲಾ ಒದರಿ ಒದರಿ ಸವದು ಹೋತು’ ಎಂದೆ.

ಚಹಾ ಆದ ಮೇಲೆ ನೋಟ್‌ಬುಕ್ಕು ಅವಳ ಕೈಯಲ್ಲಿಟ್ಟೆ. ಅವಳ ಮಗಳು ಶೈಲಾ, ಒಂಬತ್ತು ಮುಗಿಸಿ ಹತ್ತಕ್ಕೆ ಬಂದವಳು, ಅವ್ವನ ಭುಜದ ಮೇಲಿಂದ ಬಗ್ಗಿ ನೋಡಿದಳು. ಶಮಶಾದಳ ನಿದ್ದೆ, ರುಕ್ಮಿಣಿಯ ಬೇಡಿಕೆಗಳನ್ನು ಓದಿ ಓದಿ ಇಬ್ಬರೂ ನಕ್ಕರು. ಆಮೇಲೆ ಅವಳದೇ ಸಾಲು ಬಂತು. ಕೆಂಪಕ್ಷರಗಳ ಮೇಲೆ ಬೆರಳಿಟ್ಟಳು.

‘ನೋಡವಾ ಶೈಲಾ. ನಾ ಹೇಳಿದ್ರ ನೀ ನಂಬತಿರಲಿಲ್ಲ’ ಎಂದು ಮಗಳಿಗೆ ತೋರಿಸಿದಳು. ನನಗೆ ಹೇಳಿದಳು: ‘ಮೂರ ವರ್ಷದಾಗ ನೀವು ನನಗ ವೆರಿ ಗುಡ್ ಅಂದದ್ದು ಇದೊಂದ ಸಲ್ರಿ ಅಕ್ಕಾರ.’

ಹದಿನೆಂಟು ವರ್ಷ ನಾನು ಅಳಿಸಬೇಕೆಂದಿದ್ದನ್ನು ಇವಳು ಜೋಪಾನ ಮಾಡಿ ಇಟ್ಟುಕೊಂಡಿದ್ದಳು. ನಾನು ಹೇಳಲು ಬಂದದ್ದನ್ನು ಹೇಳಿದೆ: ‘ಸಾವಿತ್ರಿ, ಅವತ್ತ ನಾ ಹಂಗ ಅನ್ನಬಾರದಿತ್ತು. ಯಾಕವ್ವಾ ಅಂತ ಕೇಳಬೇಕಿತ್ತು.’

ಅವಳು ಪುಟ ಮಡಚಿದಳು. ‘ನೀವು ಕೇಳಿದ್ರ ನಾ ಅವತ್ತೂ ಬ್ಯಾಡ ಅಂತಿದ್ದೆ ಏನೋ, ಯಾರಿಗೆ ಗೊತ್ತು ಬಿಡ್ರಿ.’

‘ಅವ್ವಾ, ನೀ ಹೇಳ್ತೀಯೋ ನಾ ಹೇಳ್ಲೋ?’ ಎಂದಳು ಶೈಲಾ.

‘ಸುಮ್ಮನಿರ. ಇಬ್ರೂ ಒಂದ ವರ್ಷ ಬರದ್ರ ಮಂದಿ ನಗ್ತಾರ.’

‘ನಕ್ರ ನಗಲಿ ಬಿಡ. ನನ್ನ ಗಣಿತ ನೀ ಮಾಡ್ತೀ, ನಿನ್ನ ಇಂಗ್ಲೀಷ್ ನಾ ಮಾಡ್ತೇನಿ.’

ಅತ್ತೆಯ ಕೈ ಕಾಳಿನ ಮೇಲೆ ನಿಂತಿತು. ಸಾವಿತ್ರಿ ಒಮ್ಮೆ ಅವರ ಕಡೆ ನೋಡಿದಳು, ಒಮ್ಮೆ ಮಗ್ಗದ ಕೋಣೆಯ ಕಡೆ. ಆಮೇಲೆ ಎದ್ದು ನಿಂತಳು. ಸೆರಗು ಸರಿಮಾಡಿಕೊಂಡು ಎರಡೂ ಕೈ ಬೆನ್ನಿಗೆ ಕಟ್ಟಿದಳು.

‘ಕೇಳ್ರಿ ಅಕ್ಕಾರ, ಒಂದ ಸಲ.’

ಇದ್ದಷ್ಟು ದನಿಯಲ್ಲಿ ಕೇಳಿದೆ: ‘ವಾಟ್ ಡು ಯು ವಾಂಟ್?’

ಅವಳು ಕನ್ನಡದಲ್ಲಿ, ಒಳಗಿನವರಿಗೂ ಕೇಳುವ ಹಾಗೆ ಹೇಳಿದಳು: ‘ನನಗ ಪರೀಕ್ಷೆ ಬರೀಬೇಕಾಗೇತ್ರಿ.’

ಒಳಗೆ ಮಗ್ಗದ ಸದ್ದು ನಿಂತಿತು.

ವೆರಿ ಗುಡ್ ಎಂಬುದು ನಾಲಗೆಯ ತುದಿಗೆ ಬಂದಿತ್ತು. ನುಂಗಿಕೊಂಡು ಕೇಳಿದೆ:

‘ಫಾರ್ಮಿಗೆ ಕಡೇ ದಿನ ಯಾವುದವ್ವಾ?’